ಮಂಗಳೂರಿನಲ್ಲಿ 15 ಸಾವಿರದ ಕೆಲಸಕ್ಕೆ ಸೇರಲೋ, ಸಾಲ ಮಾಡಿ ಎಂಬಿಎ ಓದಲೋ?

ಬಿ.ಕಾಂ. ಮುಗಿದಿದೆ, ಹಂಪನಕಟ್ಟೆಯಲ್ಲಿ 15 ಸಾವಿರದ ಕೆಲಸ ಸಿಕ್ಕಿದೆ, ಮನೆಯವರು ಮಾತ್ರ ಎಂಬಿಎ ಅಂತಿದ್ದಾರೆ ಎಂದು ಬರೆದಿದ್ದೀರಿ. ನನ್ನದೂ ಇದೇ ಕತೆ. ಊರು ಮಾತ್ರ ಕಾಪು.

ನಮ್ಮಲ್ಲಿ ಎಂಬಿಎ ಅಂತ ಹಟ ಹಿಡಿದವರು ಸೋದರಮಾವ. ಅವರು ಬರೀ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವರು. ಆ ಸಂಬಳದಲ್ಲೇ ಉಡುಪಿಯಲ್ಲಿ ಮನೆ ಕಟ್ಟಿದರು, ಇಬ್ಬರು ಮಕ್ಕಳನ್ನು ಓದಿಸಿದರು. ನಿನ್ನ ಕಾಲಕ್ಕೆ ಇನ್ನೊಂದು ಡಿಗ್ರಿ ಬೇಕು ಅನ್ನೋದು ಅವರ ಲೆಕ್ಕ. ಆದರೆ ಕಡಿಮೆ ಆಗಿರುವುದು ಡಿಗ್ರಿ ಅಲ್ಲ ಮಾರಾಯ್ರೆ, ಊರಲ್ಲಿದ್ದ ಕೆಲಸ. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ. ಒಂದರ ಮುಖ್ಯ ಕಚೇರಿ ಮಂಗಳೂರಿನಲ್ಲಿ, ಇನ್ನೊಂದರದ್ದು ಮಣಿಪಾಲದಲ್ಲಿ ಇತ್ತು. 2020ರ ಏಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಅದಕ್ಕೆ ಒಂದು ವರ್ಷ ಮೊದಲೇ ಹೋಗಿತ್ತು. ನೀವು ಎಷ್ಟು ಓದಿದರೂ ಆ ಕಚೇರಿಗಳು ವಾಪಸ್ ಬರೋದಿಲ್ಲ, ಅಲ್ವಾ?

ನಾನು 6 ಲಕ್ಷ ಸಾಲ ಮಾಡಿದೆ, ಬಡ್ಡಿ ನೂರಕ್ಕೆ ಹತ್ತೂವರೆ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟುವುದು ಬೇಡ ಅಂದರು. ಅಲ್ಲಿಯವರೆಗೆ ಬಡ್ಡಿಯೂ ಇಲ್ಲ ಅಂತ ನಾನು ತಿಳಿದುಕೊಂಡೆ. ಎಡವಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕಂತು ಇಲ್ಲದಿದ್ದರೂ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಮೊದಲ ವರ್ಷ ಕೊಟ್ಟದ್ದು 3 ಲಕ್ಷ, ಅದಕ್ಕೆ 31,500. ಎರಡನೇ ವರ್ಷ ಪೂರ್ತಿ 6 ಲಕ್ಷಕ್ಕೆ 63,000. ಓದು ಮುಗಿದ ಮೇಲಿನ ವರ್ಷಕ್ಕೆ ಇನ್ನೊಂದು 63,000. ಕಂತು ಶುರುವಾಗುವಾಗ 6 ಲಕ್ಷ ಹೋಗಿ ಏಳೂವರೆ ಲಕ್ಷ ದಾಟಿತ್ತು. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 12,800. ಇದೆಲ್ಲ ಸಾಲದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಓದಲಿಲ್ಲ. ಬ್ಯಾಂಕಿನವರೇ ಆದ ಮಾವನಿಗೂ ತೋರಿಸಲಿಲ್ಲ. ಬಡ್ಡಿ ತಿಂಗಳು ತಿಂಗಳು ಕಟ್ಟೋಣವಾ ಅಂತ ಅಪ್ಪ ಕೇಳಿದಾಗ, ಈಗಲೇ ಬೇಡ ಅಂದವನೂ ನಾನೇ.

ಎಂಬಿಎ ಆದ ಮೇಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ 22 ಸಾವಿರದ ಸೇಲ್ಸ್ ಕೆಲಸ. ಪಿಜಿ ಬಾಡಿಗೆ 8 ಸಾವಿರ. ಕಂತು ಕಟ್ಟಿದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೆಲವು ಕಂತು ತಪ್ಪಿದವು. ಸಾಲಕ್ಕೆ ಅಪ್ಪನ ಸಹಿಯೂ ಇತ್ತಲ್ಲ, ಅವರ ಸಿಬಿಲ್ ಅಂಕ (ಸಾಲ ಸರಿಯಾಗಿ ಕಟ್ಟಿದ್ದಾರಾ ಅಂತ ಬ್ಯಾಂಕುಗಳು ನೋಡುವ ಅಂಕ) ಕೂಡ ಇಳಿಯಿತು. ಅವರದು ಸಣ್ಣ ಟೈಲರ್ ಅಂಗಡಿ. ಹೊಸ ಮೆಷಿನ್‌ಗೆ ಸಾಲ ಕೇಳಿದಾಗ ಸಿಗಲಿಲ್ಲ. ನನ್ನ ಓದಿಗೆ ಅವರ ದುಡಿಮೆಯನ್ನೂ ಒತ್ತೆ ಇಟ್ಟಂತಾಯಿತು. ಇವತ್ತಿಗೂ ನನಗೆ ಅದೇ ಸಂಕಟ.

ಹಾಗಾಗಿ ಕೆಲಸಕ್ಕೆ ಸೇರಿ. 15 ಸಾವಿರ ಕಡಿಮೆಯೇ, ಡಿಗ್ರಿ ಆದವರಿಗೆ ಅಷ್ಟು ಕೊಡುವುದು ಅನ್ಯಾಯ. ಆದರೂ ಮನೆ ಊಟ, ಮನೆ ವಾಸ, ಬಸ್ ಪಾಸ್ ಅಂತ ಲೆಕ್ಕ ಹಾಕಿದರೆ ಬೆಂಗಳೂರಿನ ನನ್ನ 22 ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಸೇರುವಾಗ ಕೈಗೆ ಎಷ್ಟು ಬರುತ್ತೆ, ಪಿಎಫ್ ಉಂಟಾ ಅಂತ ಕೇಳಿ. ಬ್ಯಾಂಕ್ ಕೆಲಸವೇ ಬೇಕಾದರೆ ಐಬಿಪಿಎಸ್ ಪರೀಕ್ಷೆ, ಅಂದರೆ ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆ ಬರೆಯಿರಿ. ಅದಕ್ಕೆ ಯಾವ ಡಿಗ್ರಿ ಆದರೂ ಸಾಕು, ಎಂಬಿಎ ಬೇಡ. ಕ್ಲರ್ಕ್ ಹುದ್ದೆಗೆ ಸಾಮಾನ್ಯ ವರ್ಗದವರಿಗೂ 28 ವರ್ಷದ ತನಕ ಅವಕಾಶ ಉಂಟು, ಸಂಜೆ ಕೂತು ಓದಬಹುದು.

ಮನೆಯವರು ಕೇಳಲೇ ಇಲ್ಲ, ಸಾಲ ಮಾಡಲೇಬೇಕು ಅಂತಾದರೆ, ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ ದರ ಎಷ್ಟು ಇಳಿಸುತ್ತೀರಿ ಅಂತ ಬ್ಯಾಂಕಿನಲ್ಲಿ ಕೇಳಿ. ಹಲವು ಬ್ಯಾಂಕುಗಳು ಶೇಕಡಾ 1 ಇಳಿಸುತ್ತವೆ. ಉತ್ತರವನ್ನು ಬರಹದಲ್ಲಿ ತಗೊಂಡು, ಆಮೇಲೆ ಅಪ್ಪನ ಸಹಿ ಹಾಕಿಸಿ.