ಸ್ಟ್ಯಾವಾ ಬುಕಾರೆಸ್ಟ್, ಎಫ್‌ಸಿಎಸ್‌ಬಿ: 1986ರ ಯುರೋಪಿಯನ್ ಕಪ್ ಈಗ ಯಾರದ್ದು?

ನಿಮ್ಮ ಪ್ರಶ್ನೆ ಇದು: "1986ರಲ್ಲಿ ಬಾರ್ಸಿಲೋನಾವನ್ನು ಸೋಲಿಸಿ ಯುರೋಪಿಯನ್ ಕಪ್ ಗೆದ್ದದ್ದು ರೊಮೇನಿಯಾದ ಸ್ಟ್ಯಾವಾ ಬುಕಾರೆಸ್ಟ್ ಅಂತ ಓದಿದ್ದೆ. ಈಗ ಹುಡುಕಿದರೆ ಎಫ್‌ಸಿಎಸ್‌ಬಿ ಅಂತ ಒಂದು ತಂಡ ಕಾಣುತ್ತೆ, ಎರಡನೇ ದರ್ಜೆಯಲ್ಲಿ ಸ್ಟ್ಯಾವಾ ಅಂತ ಇನ್ನೊಂದು ಕಾಣುತ್ತೆ. ಇದರಲ್ಲಿ ನಿಜವಾದದ್ದು ಯಾವುದು? ಆ ಫೈನಲ್ ಈಗ ನೋಡುವಷ್ಟು ಚೆನ್ನಾಗಿದೆಯಾ?"

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಇವತ್ತು ಅವು ಎರಡು ಬೇರೆ ಬೇರೆ ಕ್ಲಬ್. ಯುರೋಪಿಯನ್ ಕಪ್ ಅಂದರೆ ಈಗಿನ ಚಾಂಪಿಯನ್ಸ್ ಲೀಗ್. 1986ರ ಕಪ್ ಗೆದ್ದಾಗ ಇದ್ದದ್ದು ಒಂದೇ ಕ್ಲಬ್, ಅದು ರೊಮೇನಿಯಾ ಸೇನೆಯದ್ದು. ಅದು ಹೇಗೆ ಎರಡಾಯಿತು ಅನ್ನೋದು ಗೊತ್ತಾಗಬೇಕಾದರೆ ಶುರುವಿನಿಂದ ಬರಬೇಕು.

ಕ್ಲಬ್ ಹುಟ್ಟಿದ್ದು 1947ರ ಜೂನ್ 7ರಂದು. ಆಗ ರೊಮೇನಿಯಾದಲ್ಲಿ ಇನ್ನೂ ರಾಜ ಇದ್ದ. ಅದೇ ವರ್ಷದ ಕೊನೆಗೆ ರಾಜ ಮಿಹಾಯ್ ಪಟ್ಟ ಬಿಡಬೇಕಾಯಿತು, ಕಮ್ಯುನಿಸ್ಟರ ಆಳ್ವಿಕೆ ಬಂತು. ಸೇನಾ ಅಧಿಕಾರಿಗಳು ಕಟ್ಟಿದ ಈ ಕ್ಲಬ್ಬಿನ ಮೊದಲ ಹೆಸರು ಎಎಸ್ಎ. ಆಮೇಲೆ ಸಿಎಸ್‌ಸಿಎ ಆಯಿತು, 1950ರಲ್ಲಿ ಸಿಸಿಎ ಆಯಿತು, 1961ರಲ್ಲಿ ಸ್ಟ್ಯಾವಾ ಆಯಿತು. ಸಿಸಿಎ ಅನ್ನೋ ಹೆಸರಲ್ಲೇ 1951, 52, 53ರಲ್ಲಿ ಸತತ ಮೂರು ಸಲ ಲೀಗ್ ಗೆದ್ದಿತು.

ಆ ಕಾಲದ ಬುಕಾರೆಸ್ಟ್ ಫುಟ್ಬಾಲನ್ನು ಅರ್ಥ ಮಾಡಿಕೊಳ್ಳೋಕೆ ಒಂದು ವಿಷಯ ತಿಳಿದಿರಬೇಕು. ದೊಡ್ಡ ಕ್ಲಬ್‌ಗಳೆಲ್ಲ ಸರ್ಕಾರದ ಒಂದೊಂದು ಇಲಾಖೆಯ ಕೈಯಲ್ಲಿದ್ದವು. ಸ್ಟ್ಯಾವಾ ಸೇನೆಯದ್ದು, ಡಿನಾಮೋ ಗೃಹ ಇಲಾಖೆಯದ್ದು ಅಂದರೆ ಪೊಲೀಸರದ್ದು, ರ‍್ಯಾಪಿಡ್ ರೈಲ್ವೆಯದ್ದು. ಸ್ಟ್ಯಾವಾ ಆಟಗಾರರು ಕಾಗದದ ಮೇಲೆ ಸೇನೆಯ ನೌಕರರು, ಅವರಿಗೆ ರ‍್ಯಾಂಕ್ ಕೂಡ ಇರುತ್ತಿತ್ತು. ಹಾಗಾಗಿ ಸ್ಟ್ಯಾವಾ-ಡಿನಾಮೋ ಪಂದ್ಯ ಅಂದರೆ ಸುಮ್ನೆ ಊರೊಳಗಿನ ಪೈಪೋಟಿ ಅಲ್ಲ, ಎರಡು ಇಲಾಖೆಗಳ ಜಿದ್ದು ಅದು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ 1986ಕ್ಕೆ ಬರೋಣ. ನನಗೆ ಈ ಭಾಗ ತುಂಬಾ ಇಷ್ಟ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

1985ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಪ್ರೇಕ್ಷಕರು ಸತ್ತ ಹೈಸೆಲ್ ದುರಂತದ ನಂತರ ಇಂಗ್ಲೆಂಡಿನ ಕ್ಲಬ್‌ಗಳಿಗೆ ಯುರೋಪಿನಲ್ಲಿ ನಿಷೇಧ ಬಿದ್ದಿತ್ತು. ಆದರೂ ರೊಮೇನಿಯಾದ ತಂಡವೊಂದು ಗೆಲ್ಲುತ್ತೆ ಅಂತ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕೋಚ್ ಎಮೆರಿಕ್ ಯೆನೆಯ್. ಡೆನ್ಮಾರ್ಕಿನ ವೈಲೆ, ಹಂಗೇರಿಯ ಹೊನ್ವೇದ್, ಫಿನ್ಲೆಂಡಿನ ಕೂಸಿಸಿ ಲಾಹ್ತಿ, ಹೀಗೆ ಒಂದೊಂದೇ ಸುತ್ತು ದಾಟಿದರು. ಸೆಮಿಫೈನಲ್‌ನಲ್ಲಿ ಬೆಲ್ಜಿಯಂನ ಆಂಡರ್ಲೆಕ್ಟ್ ಎದುರಾಯಿತು. ಅಲ್ಲಿ 1-0 ಸೋತರು, ಬುಕಾರೆಸ್ಟ್‌ಗೆ ಬಂದು 3-0 ಗೆದ್ದರು.

ಫೈನಲ್ ಮೇ 7ರಂದು ಸ್ಪೇನಿನ ಸೆವಿಲ್ಲಾದಲ್ಲಿ. ಎದುರಾಳಿ ಬಾರ್ಸಿಲೋನಾ, ಅಂದರೆ ಸ್ಪೇನಿನದೇ ಕ್ಲಬ್. ಕ್ರೀಡಾಂಗಣದಲ್ಲಿ ಕೂತಿದ್ದ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಾರ್ಸಿಲೋನಾದವರೇ. ರೊಮೇನಿಯಾದಿಂದ ಸಾಮಾನ್ಯ ಜನ ದೇಶ ಬಿಟ್ಟು ಹೋಗಿ ಪಂದ್ಯ ನೋಡುವ ಹಾಗಿರಲಿಲ್ಲ, ಸರ್ಕಾರ ಬಿಡುತ್ತಿರಲಿಲ್ಲ. ಸ್ಟ್ಯಾವಾದ ಕ್ಯಾಪ್ಟನ್ ಸ್ಟೊಯ್ಕಾಗೆ ಆ ಪಂದ್ಯ ಆಡೋಕೆ ನಿಷೇಧ ಇತ್ತು, ಯೊವಾನ್ ಕ್ಯಾಪ್ಟನ್ ಆದರು. ಆಟ ಮುಂದುವರಿದಂತೆ ಯೆನೆಯ್ ತಮ್ಮ ಸಹಾಯಕ ಕೋಚ್ ಅಂಗೆಲ್ ಯೊರ್ಡನೆಸ್ಕು ಅವರನ್ನೇ ಮೈದಾನಕ್ಕೆ ಇಳಿಸಿದರು. ಅವರಿಗೆ ಆಗ 36 ವರ್ಷ. ಆಡೋದನ್ನು ಬಹುತೇಕ ನಿಲ್ಲಿಸಿದ್ದರು.

ಒಂದೂವರೆ ಗಂಟೆ, ಮೇಲೆ ಅರ್ಧ ಗಂಟೆ ಹೆಚ್ಚುವರಿ ಆಟ. ಯಾರೂ ಗೋಲು ಹೊಡೆಯಲಿಲ್ಲ. ಪೆನಾಲ್ಟಿಗೆ ಹೋಯಿತು.

ಸ್ಟ್ಯಾವಾ ಪರ ಮೊದಲು ಒದ್ದದ್ದು ಮಜಾರು, ಬಾರ್ಸಿಲೋನಾ ಗೋಲ್‌ಕೀಪರ್ ಉರ್ರುತಿ ತಡೆದರು. ಅಲೆಸಾಂಕೊ ಒದ್ದರು, ಸ್ಟ್ಯಾವಾ ಗೋಲ್‌ಕೀಪರ್ ಹೆಲ್ಮುತ್ ಡುಕಾಡಾಮ್ ತಡೆದರು. ಬೊಲೊನಿ ಒದ್ದದ್ದನ್ನೂ ಉರ್ರುತಿ ತಡೆದರು. ಪೆದ್ರಾಸಾ ಒದ್ದರು, ಮತ್ತೆ ಡುಕಾಡಾಮ್. ನಾಲ್ಕು ಒದೆತ ಆದರೂ ಸೊನ್ನೆ-ಸೊನ್ನೆ! ಆಗ ಬಂದವರು ಲಕಾಟುಷ್. ಬಲವಾಗಿ ಒದ್ದು ಗೋಲು ಮಾಡಿದರು. ಪಿಚಿ ಅಲೊನ್ಸೊ ಒದ್ದದ್ದನ್ನೂ ಡುಕಾಡಾಮ್ ಹಿಡಿದು ಹಾಕಿದರು. ಬಾಲಿಂಟ್ ಇನ್ನೊಂದು ಗೋಲು ಹೊಡೆದರು. ಕೊನೆಗೆ ಮಾರ್ಕೋಸ್. ಮೊದಲ ಮೂರಕ್ಕೂ ತನ್ನ ಬಲಕ್ಕೇ ಹಾರಿದ್ದ ಡುಕಾಡಾಮ್ ಈ ಸಲ ಎಡಕ್ಕೆ ಹಾರಿದರು. ಅದನ್ನೂ ತಡೆದರು. ನಾಲ್ಕಕ್ಕೆ ನಾಲ್ಕು. ಪೂರ್ವ ಯುರೋಪಿನ ಕಮ್ಯುನಿಸ್ಟ್ ದೇಶಗಳಿಂದ ಈ ಕಪ್ ಗೆದ್ದ ಮೊದಲ ಕ್ಲಬ್ ಸ್ಟ್ಯಾವಾ.

ಡುಕಾಡಾಮ್ ಮುಂದೆ ಏನಾದರು ಗೊತ್ತಾ? ಅದೇ ಬೇಸಿಗೆಯಲ್ಲಿ ಅವರ ಕೈಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಆಪರೇಷನ್ ಆಯಿತು, ಕೈ ಉಳಿಯಿತು, ಆದರೆ ದೊಡ್ಡ ಮಟ್ಟದ ಆಟ ಅಲ್ಲಿಗೆ ಮುಗಿಯಿತು. ಆಗ ಅವರಿಗೆ 27 ವರ್ಷ. ಯಾರೋ ದೊಡ್ಡವರು ಸಿಟ್ಟಿನಿಂದ ಅವರ ಕೈ ಮುರಿಸಿದರು ಅನ್ನೋ ಗಾಳಿಸುದ್ದಿ ವರ್ಷಗಟ್ಟಲೆ ಓಡಾಡಿತು, ಈಗಲೂ ಇಂಟರ್ನೆಟ್‌ನಲ್ಲಿ ಸಿಗುತ್ತೆ. ಅದು ಸುಳ್ಳು ಅಂತ ಡುಕಾಡಾಮ್ ಅವರೇ ಹೇಳಿದ್ದಾರೆ, ಹಾಗಾಗಿ ಅದನ್ನು ದಯವಿಟ್ಟು ಹಂಚಬೇಡಿ. ಆಮೇಲೆ ಅವರು ಅರಾದ್ ಜಿಲ್ಲೆಯ ತಮ್ಮ ಊರು ಸೆಮ್ಲಾಕ್‌ನಲ್ಲಿ ಗಡಿ ಪೊಲೀಸ್ ಆಗಿ ಕೆಲಸ ಮಾಡಿದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

1987ರ ಫೆಬ್ರವರಿಯಲ್ಲಿ ಮೊನಾಕೊದಲ್ಲಿ ಡೈನಮೋ ಕೀವ್ ಜೊತೆ ಸೂಪರ್ ಕಪ್ ಪಂದ್ಯ ಇತ್ತು, ಅಂದರೆ ಯುರೋಪಿನ ಎರಡು ಕಪ್ ಗೆದ್ದ ತಂಡಗಳ ನಡುವಿನ ಪಂದ್ಯ. ಅದಕ್ಕೆ ಅಂತ ಸ್ಪೋರ್ಟುಲ್ ಸ್ಟುಡೆಂಟ್ಸೆಸ್ಕ್ ಕ್ಲಬ್‌ನಿಂದ ಒಬ್ಬ ಹುಡುಗನನ್ನು ಕರೆಸಿಕೊಂಡರು. ಗೆಯೋರ್ಗೆ ಹಾಜಿ. ಆ ಪಂದ್ಯದ ಒಂದೇ ಗೋಲು ಅವನದ್ದು. ಅವನು ವಾಪಸ್ ಹೋಗಲೇ ಇಲ್ಲ, ಸ್ಟ್ಯಾವಾ ಉಳಿಸಿಕೊಂಡಿತು. 1994ರ ವಿಶ್ವಕಪ್ ಟಿವಿಯಲ್ಲಿ ನೋಡಿದವರಿಗೆ ಹಾಜಿ ಯಾರು ಅಂತ ಹೇಳಬೇಕಾಗಿಲ್ಲ. ಅರ್ಜೆಂಟೀನಾವನ್ನು 3-2 ಸೋಲಿಸಿದ ಆ ರೊಮೇನಿಯಾ ತಂಡದಲ್ಲಿ ಹಾಜಿ, ಪೆಟ್ರೆಸ್ಕು, ಡುಮಿಟ್ರೆಸ್ಕು, ಬೆಲೊದೆದಿಚ್ ಎಲ್ಲ ಸ್ಟ್ಯಾವಾದಲ್ಲಿ ಆಡಿದವರೇ, ಕೋಚ್ ಅದೇ ಯೊರ್ಡನೆಸ್ಕು.

1986ರ ಜೂನ್‌ನಿಂದ 1989ರ ಸೆಪ್ಟೆಂಬರ್‌ವರೆಗೆ ಸ್ಟ್ಯಾವಾ ಲೀಗ್‌ನಲ್ಲಿ 104 ಪಂದ್ಯ ಸೋಲಲೇ ಇಲ್ಲ. ಕೇಳೋಕೆ ಅದ್ಭುತ ಅನ್ಸುತ್ತೆ. ಆದರೆ ಇದರ ಹಿಂದೆ ಅಧಿಕಾರದ ನೆರಳೂ ಇತ್ತು, ಅದನ್ನು ಮುಚ್ಚಿಡಬಾರದು. ಸರ್ವಾಧಿಕಾರಿ ಚೌಷೆಸ್ಕು ಅವರ ಮಗ ವಾಲೆಂಟಿನ್ ಕ್ಲಬ್ಬಿನ ಬೆನ್ನಿಗೆ ನಿಂತಿದ್ದರು. 1988ರ ರೊಮೇನಿಯನ್ ಕಪ್ ಫೈನಲ್ ಡಿನಾಮೋ ಜೊತೆ 1-1 ಇದ್ದಾಗ ಕೊನೇ ಗಳಿಗೆಯಲ್ಲಿ ಬಾಲಿಂಟ್ ಹೊಡೆದ ಗೋಲನ್ನು ಆಫ್‌ಸೈಡ್ ಅಂತ ರದ್ದು ಮಾಡಿದರು. ಸ್ಟ್ಯಾವಾ ಆಟಗಾರರು ಮೈದಾನ ಬಿಟ್ಟು ಹೊರಟೇ ಹೋದರು. ಬೇರೆ ಯಾವ ತಂಡ ಹೀಗೆ ಮಾಡಿದ್ದರೂ ಸೋಲು ಅಂತ ಘೋಷಿಸುತ್ತಿದ್ದರು. ಇಲ್ಲಿ ಆಮೇಲೆ ಆ ಗೋಲನ್ನು ಲೆಕ್ಕಕ್ಕೆ ಹಿಡಿದು 2-1 ಅಂತ ಸ್ಟ್ಯಾವಾಗೇ ಕಪ್ ಕೊಟ್ಟರು! ಚೌಷೆಸ್ಕು ಆಡಳಿತ ಬಿದ್ದ ಮೇಲೆ ಸ್ಟ್ಯಾವಾ ಆ ಕಪ್ ಬೇಡ ಅಂದಿತು, ಡಿನಾಮೋ ಕೂಡ ತಗೊಳ್ಳಲಿಲ್ಲ.

ಆದರೆ ಯುರೋಪಿನಲ್ಲಿ ಯಾವ ಇಲಾಖೆಯ ಬಲವೂ ನಡೆಯುತ್ತಿರಲಿಲ್ಲ ಅಲ್ವಾ. ಅಲ್ಲಿ 1988ರಲ್ಲಿ ಸೆಮಿಫೈನಲ್, 1989ರಲ್ಲಿ ಮತ್ತೆ ಫೈನಲ್. ಆ ಫೈನಲ್‌ನಲ್ಲಿ ಮಿಲಾನ್ ಕೈಯಲ್ಲಿ 4-0 ಸೋತರು, ಗುಲಿಟ್ ಎರಡು, ವಾನ್ ಬಾಸ್ಟೆನ್ ಎರಡು ಗೋಲು. ಅದಕ್ಕೇ ಆ ತಂಡ ನಿಜವಾಗಲೂ ದೊಡ್ಡದು ಅಂತ ನಾನು ನಂಬುತ್ತೇನೆ. ಮನೆಯಲ್ಲಿ ಸಿಕ್ಕ ಗೆಲುವುಗಳ ಬಗ್ಗೆ ಅನುಮಾನ ಪಡಬಹುದು, ಸೆವಿಲ್ಲಾದ ಬಗ್ಗೆ ಆಗಲ್ಲ.

1989ರ ಡಿಸೆಂಬರ್‌ನಲ್ಲಿ ಕ್ರಾಂತಿ ಆಯಿತು. ಗಡಿ ತೆರೆಯಿತು, ಆಟಗಾರರು ಹೊರಟರು. ಹಾಜಿ ರಿಯಲ್ ಮ್ಯಾಡ್ರಿಡ್‌ಗೆ, ಲಕಾಟುಷ್ ಫಿಯೊರೆಂಟಿನಾಗೆ, ಪೆಟ್ರೆಸ್ಕು ಫೊಜ್ಜಿಯಾಗೆ. ಬೆಲೊದೆದಿಚ್ ಅದಕ್ಕೂ ಮುಂಚೆ 1988ರಲ್ಲೇ ಯುಗೊಸ್ಲಾವಿಯಾಗೆ ಹೋಗಿ ವಾಪಸ್ ಬಂದಿರಲಿಲ್ಲ. ಸೇನೆಯ ಮನುಷ್ಯ ಓಡಿಹೋದ ಅಂತ ಅವರಿಗೆ ಶಿಕ್ಷೆಯನ್ನೂ ವಿಧಿಸಿದ್ದರು. 1991ರಲ್ಲಿ ಅವರು ರೆಡ್ ಸ್ಟಾರ್ ಬೆಲ್‌ಗ್ರೇಡ್ ಪರ ಮತ್ತೆ ಯುರೋಪಿಯನ್ ಕಪ್ ಗೆದ್ದರು. ಸ್ಟ್ಯಾವಾ ಮಾತ್ರ ದೇಶದೊಳಗೆ ಗೆಲ್ಲುತ್ತಲೇ ಇತ್ತು, 1993ರಿಂದ 1998ರವರೆಗೆ ಸತತ ಆರು ಲೀಗ್.

ಇನ್ನು ನಿಮ್ಮ ಪ್ರಶ್ನೆಯ ಗಂಟು ಇರುವ ಜಾಗ. 1998ರಲ್ಲಿ ಫುಟ್ಬಾಲ್ ವಿಭಾಗ ಸೇನಾ ಕ್ಲಬ್ಬಿನಿಂದ ಬೇರೆಯಾಯಿತು. ಹೊಸ ಸಂಸ್ಥೆ, ಆದರೆ ಹೆಸರು, ಬಣ್ಣ, ಆಟಗಾರರು, ಗೆಂಚ್ಯಾ ಕ್ರೀಡಾಂಗಣ ಎಲ್ಲ ಹಳೆಯದೇ. 2003ರಲ್ಲಿ ಜಿಜಿ ಬೆಕಾಲಿ ಅನ್ನೋ ಉದ್ಯಮಿಯ ಕೈಗೆ ಬಂತು, ಕಂಪನಿ ಆಯಿತು. ಮೈದಾನದಲ್ಲಿ ಚೆನ್ನಾಗೇ ಇತ್ತು. 2006ರಲ್ಲಿ ಯುರೋಪಿನ ಎರಡನೇ ಸಾಲಿನ ಟೂರ್ನಿಯಾದ ಯುಇಎಫ್‌ಎ ಕಪ್‌ನ ಸೆಮಿಫೈನಲ್‌ವರೆಗೆ ಹೋಗಿ ಇಂಗ್ಲೆಂಡಿನ ಮಿಡಲ್ಸ್‌ಬ್ರೊ ಎದುರು ಒಟ್ಟು ಲೆಕ್ಕದಲ್ಲಿ ಮೂರು ಗೋಲು ಮುಂದಿದ್ದೂ ಕೊನೆ ನಿಮಿಷಗಳಲ್ಲಿ 4-3 ಸೋತರು. ನನಗೆ ಈಗಲೂ ಆ ಪಂದ್ಯ ನೆನೆಸಿಕೊಂಡರೆ ಸಂಕಟ ಆಗುತ್ತೆ.

ಆದರೆ ಬೆಕಾಲಿಗೂ ಸೇನೆಗೂ ಸಂಬಂಧ ಕೆಟ್ಟಿತು. 2011ರಲ್ಲಿ ಸೇನೆ ಕೋರ್ಟಿಗೆ ಹೋಯಿತು. ಸ್ಟ್ಯಾವಾ ಅನ್ನೋ ಹೆಸರು, ಲಾಂಛನ ನಮ್ಮದು, ಈ ಕಂಪನಿ ಅನುಮತಿ ಇಲ್ಲದೆ ಬಳಸುತ್ತಿದೆ ಅಂತ ಅವರ ವಾದ. ಇದರ ನಡುವೆ 2013ರಲ್ಲಿ ರಕ್ಷಣಾ ಇಲಾಖೆ ಜೊತೆಗಿನ ಬೇರೊಂದು ಜಮೀನು ವಿನಿಮಯದ ಪ್ರಕರಣದಲ್ಲಿ ಬೆಕಾಲಿ ಜೈಲಿಗೂ ಹೋದರು. 2014ರ ಡಿಸೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಸೇನೆಯ ಪರ ತೀರ್ಪು ಕೊಟ್ಟಿತು. ಅದಾದ ಕೂಡಲೇ ನಡೆದ ಪಂದ್ಯದಲ್ಲಿ ತಂಡ ಲಾಂಛನವೇ ಇಲ್ಲದ ಜೆರ್ಸಿ ಹಾಕಿಕೊಂಡು ಆಡಬೇಕಾಯಿತು. ಸ್ಕೋರ್‌ಬೋರ್ಡ್‌ನಲ್ಲಿ ಸ್ಟ್ಯಾವಾ ಅಂತ ಇರುವ ಜಾಗದಲ್ಲಿ "ಆತಿಥೇಯರು" ಅಂತ ಮಾತ್ರ ಬಂತು. ಅವತ್ತು ಲೀಗ್ ಚಾಂಪಿಯನ್ ತಂಡ ಅದು! 2017ರಲ್ಲಿ ಹೆಸರನ್ನು ಅಧಿಕೃತವಾಗಿ ಎಫ್‌ಸಿಎಸ್‌ಬಿ ಅಂತ ಬದಲಾಯಿಸಿದರು.

ಅದೇ 2017ರಲ್ಲಿ ಸೇನೆ ಸಿಎಸ್ಎ ಸ್ಟ್ಯಾವಾ ಹೆಸರಲ್ಲಿ ತನ್ನ ಫುಟ್ಬಾಲ್ ತಂಡವನ್ನು ಮತ್ತೆ ಶುರು ಮಾಡಿತು. ಬಹಳ ಕೆಳಗೆ, ನಾಲ್ಕನೇ ದರ್ಜೆಯಿಂದ. ದಕ್ಷಿಣ ಗ್ಯಾಲರಿಯ ಕಟ್ಟಾ ಅಭಿಮಾನಿಗಳಲ್ಲಿ ಬಹಳ ಜನ ಇವರ ಹಿಂದೆ ಹೋದರು. 2018ರ ಏಪ್ರಿಲ್‌ನಲ್ಲಿ ಅಕಾಡೆಮಿಯಾ ರ‍್ಯಾಪಿಡ್ ಜೊತೆಗಿನ ನಾಲ್ಕನೇ ದರ್ಜೆಯ ಪಂದ್ಯಕ್ಕೆ 36 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ನಾಲ್ಕನೇ ದರ್ಜೆ, ಸ್ವಾಮಿ! ತಂಡ 2020ರಲ್ಲಿ ಮೂರನೇ ದರ್ಜೆಗೆ, 2021ರಲ್ಲಿ ಎರಡನೇ ದರ್ಜೆಗೆ ಏರಿತು. ಅಲ್ಲಿಂದ ಮೇಲೆ ಹೋಗೋಕೆ ಕಾನೂನು ಅಡ್ಡ ಬಂತು. ಸರ್ಕಾರಿ ಇಲಾಖೆಯ ಕ್ಲಬ್ ಆದ್ದರಿಂದ ಮೊದಲ ದರ್ಜೆಗೆ ಬಡ್ತಿ ಪಡೆಯುವ ಹಕ್ಕು ಇರಲಿಲ್ಲ. 2022-23ರಲ್ಲಿ ಮೇಲಿನ ಸ್ಥಾನದಲ್ಲೇ ಮುಗಿಸಿದರೂ ಅವರನ್ನು ಬಿಟ್ಟು ಕೆಳಗಿದ್ದವರು ಮೇಲೆ ಹೋದರು. ಇದು ನನಗೆ ಅನ್ಯಾಯ ಅನ್ಸುತ್ತೆ. ಮೈದಾನದಲ್ಲಿ ಗಳಿಸಿದ ಜಾಗವನ್ನು ಮೈದಾನದ ಹೊರಗೆ ಕಿತ್ತುಕೊಳ್ಳಬಾರದು.

ಎಫ್‌ಸಿಎಸ್‌ಬಿ ಕಡೆಯೂ ಖಾಲಿ ಏನಲ್ಲ. 2023-24, 2024-25ರಲ್ಲಿ ಎರಡು ಲೀಗ್ ಗೆದ್ದಿದ್ದಾರೆ. ಯುರೋಪಿನ ಫುಟ್ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಸೈಟಿನಲ್ಲಿ 1986ರ ಕಪ್ ಎಫ್‌ಸಿಎಸ್‌ಬಿ ಹೆಸರಲ್ಲೇ ಕಾಣುತ್ತೆ, ಅದಕ್ಕೇ ನಿಮಗೆ ಗೊಂದಲ ಆಗಿರೋದು. ಹಳೆಯ ಗೆಲುವುಗಳು ಯಾರ ಲೆಕ್ಕಕ್ಕೆ ಅನ್ನೋದರ ಬಗ್ಗೆಯೂ ಎರಡೂ ಕಡೆಯವರು ಕೋರ್ಟುಗಳಲ್ಲಿ ವರ್ಷಗಟ್ಟಲೆ ಗುದ್ದಾಡಿದ್ದಾರೆ. ಸೆವಿಲ್ಲಾದ ವೀರರೇ ಎರಡು ಕಡೆ ನಿಂತರು. ಡುಕಾಡಾಮ್ 2020ರವರೆಗೆ ಎಫ್‌ಸಿಎಸ್‌ಬಿಯ ಗೌರವ ಹುದ್ದೆಯಲ್ಲಿದ್ದರು. ಲಕಾಟುಷ್ ಸೇನೆಯ ತಂಡದ ಜೊತೆ ಹೋದರು, ನಾಲ್ಕನೇ ದರ್ಜೆಯಲ್ಲಿ ಅದಕ್ಕೆ ಕೋಚ್ ಆದರು. ಒಬ್ಬರು ಪೆನಾಲ್ಟಿ ತಡೆದವರು, ಇನ್ನೊಬ್ಬರು ಹೊಡೆದವರು. ಅವರೇ ಒಪ್ಪದ ವಿಷಯವನ್ನು ನಾವು ದೂರದಲ್ಲಿ ಕೂತು ಒಂದು ಸಾಲಲ್ಲಿ ತೀರ್ಮಾನ ಮಾಡೋದು ಕಷ್ಟ.

ಆದರೂ ನೀವು ಕೇಳಿದ್ದೀರಿ, ನನ್ನ ಅಭಿಪ್ರಾಯ ಹೇಳಲೇಬೇಕು. 1998ರವರೆಗಿನದ್ದು, ಅಂದರೆ 1986 ಸೇರಿ, ಸೇನೆಯ ಕ್ಲಬ್ಬಿಗೆ ಸೇರಿದ್ದು. ಆ ಆಟಗಾರರಿಗೆ ಸಂಬಳ ಕೊಟ್ಟದ್ದು, ತರಬೇತಿ ಕೊಟ್ಟದ್ದು, ಮೈದಾನ ಕಟ್ಟಿದ್ದು ಅವರು, ಮತ್ತು ಆ ಸಂಸ್ಥೆ ಯಾವತ್ತೂ ಮುಚ್ಚಿಹೋಗಿರಲಿಲ್ಲ. 2003ರ ನಂತರದ್ದು, 2006ರ ಆ ಓಟವೂ ಸೇರಿ, ಎಫ್‌ಸಿಎಸ್‌ಬಿಯದ್ದು. ಅದನ್ನು ಸೇನೆ ತನ್ನದು ಅನ್ನೋದು ಸರಿಯಲ್ಲ. ನಡುವಿನ ಐದು ವರ್ಷ ಇಬ್ಬರೂ ಎಳೆದಾಡಬಹುದು, ಆ ಅವಧಿಯಲ್ಲಿ ಲೀಗ್ ಗೆದ್ದದ್ದು 2001ರಲ್ಲಿ ಒಂದೇ ಸಲ.

ಫೈನಲ್ ನೋಡಬೇಕಾ ಅಂತ ಕೇಳಿದಿರಲ್ಲ, ಪೆನಾಲ್ಟಿ ಮಾತ್ರ ನೋಡಿ. ಅದಕ್ಕೆ ಮುಂಚಿನ ಎರಡು ಗಂಟೆ ಆಟ ತುಂಬಾ ನಿಧಾನ, ಎರಡೂ ತಂಡ ಹೆದರಿಕೊಂಡು ಆಡಿವೆ. ಆ ಸ್ಟ್ಯಾವಾ ಎಷ್ಟು ಚೆನ್ನಾಗಿ ಆಡುತ್ತಿತ್ತು ಅಂತ ತಿಳಿಯೋಕೆ ಬುಕಾರೆಸ್ಟ್‌ನಲ್ಲಿ ಆಂಡರ್ಲೆಕ್ಟ್ ವಿರುದ್ಧ ನಡೆದ ಸೆಮಿಫೈನಲ್ ಹುಡುಕಿ. ಪಿಟ್ಸುರ್ಕಾ ಎರಡು ಗೋಲು, ಬಾಲಿಂಟ್ ಒಂದು. ಮೊದಲನೆಯದು ನಾಲ್ಕನೇ ನಿಮಿಷದಲ್ಲೇ ಬರುತ್ತೆ, ಶುರುವಿನಿಂದಲೇ ಹಾಕಿಕೊಂಡು ನೋಡಿ.