ಶೆಡೂರ್ ಸ್ಯಾಂಡರ್ಸ್ ಜಾರಿದ್ದು ಮೊದಲೇ ಗೊತ್ತಾಗುತ್ತಿತ್ತಾ?

ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಅಂತ ಜನ ಅಂದುಕೊಂಡಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಸ್ಯಾಂಡರ್ಸ್ 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, 144ನೇ ಆಯ್ಕೆಯವರೆಗೆ ಜಾರಿದ್ದನ್ನು ಮೊದಲೇ ಊಹಿಸಬಹುದಿತ್ತಾ ಅಂತ ಕೇಳಿದ್ದೀರಿ. ಅಷ್ಟು ಕೆಳಗೆ ಹೋಗುತ್ತಾನೆ ಅಂತ ಊಹಿಸಲು ಖಂಡಿತ ಆಗುತ್ತಿರಲಿಲ್ಲ. ಆದರೆ ಜಾರುವ ಅಪಾಯ ಕಾಣುತ್ತಿತ್ತು. ನಾನು ಆಟಗಾರನ ವಿಡಿಯೊಗಿಂತ ಜಾಸ್ತಿ ನೋಡುವುದು ಒಂದೇ, ಯಾವ ತಂಡಕ್ಕೆ ನಿಜವಾಗಿ ಕ್ವಾರ್ಟರ್‌ಬ್ಯಾಕ್ ಬೇಕು ಅಂತ. ಟೈಟನ್ಸ್ ತಂಡ ಮೊದಲ ಆಯ್ಕೆಯಲ್ಲೇ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್‌ನನ್ನು ತೆಗೆದುಕೊಂಡಿತು, ಜೈಂಟ್ಸ್ ಇನ್ನೊಂದು ತಂಡದ ಜೊತೆ ಸರದಿ ವಿನಿಮಯ ಮಾಡಿಕೊಂಡು 25ನೇ ಜಾಗಕ್ಕೆ ಮೇಲೆ ಬಂದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜಾಕ್ಸನ್ ಡಾರ್ಟ್‌ನನ್ನು ಆರಿಸಿತು, ಅಲ್ಲಿಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು ಅಲ್ವಾ? 2005ರ ಡ್ರಾಫ್ಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೂ ಹೀಗೇ ಆಯ್ತು. ಫಾರ್ಟಿನೈನರ್ಸ್ ತಂಡ ಅವನನ್ನು ಬಿಟ್ಟು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಕಡೆ ಹೋಯಿತು, ಪಾಪ ರಾಜರ್ಸ್ ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಕೂತು 24ನೆಯವನಾಗಿ ಗ್ರೀನ್ ಬೇ ತಂಡಕ್ಕೆ ಹೋದ. ಸುಮ್ನೆ ಮಾಕ್ ಡ್ರಾಫ್ಟ್ (ಯಾರು ಯಾವ ತಂಡಕ್ಕೆ ಹೋಗುತ್ತಾರೆ ಅಂತ ಮೊದಲೇ ಊಹಿಸಿ ಬರೆಯುವ ಪಟ್ಟಿ) ನಂಬಬೇಡಿ, ತಂಡಗಳ ವೈದ್ಯಕೀಯ ವರದಿ, ಸಂದರ್ಶನ ಯಾವುದೂ ಅದರಲ್ಲಿ ಪೂರ್ತಿ ಬಂದಿರುವುದಿಲ್ಲ.