ನಿಮ್ಮ ಸೈಕಲ್ ಸಿಕ್ಕಿದ್ದು ನಾಲ್ಕನೇ ಪುಟದಲ್ಲಿ

ಆತ್ಮೀಯರೇ,

ನಮಸ್ಕಾರ. ‘ಫ್ರಾನ್ಸಿನ ಹಳ್ಳಿಗಳಲ್ಲಿ ಗಂಟೆಯ ನಾದ’ ಎಂಬ ನಿಮ್ಮ ಪ್ರವಾಸ ಬರಹ ಕೈಸೇರಿ ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ಎರಡು ಸಲ ಓದಿದ್ದೇನೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ‘ವಿಷಾದಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇವೆ’ ಎಂದು ಒಂದು ಸಾಲು ಗೀಚಿ ಕಳಿಸಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ. ನಿಮ್ಮ ಹನ್ನೊಂದು ಪುಟದಲ್ಲಿ ಎರಡು ಕಡೆ, ಎಲ್ಲ ಸೇರಿ ಏಳು ಸಾಲು, ಬರೆಯಬಲ್ಲವರು ಮಾತ್ರ ಬರೆಯುವಂಥವು. ನಿಮಗೇ ಅದು ಗೊತ್ತಾದಂತಿಲ್ಲ, ಅವಸರದಲ್ಲಿ ದಾಟಿ ಹೋಗಿದ್ದೀರಿ.

ಮೊದಲು ತಕರಾರು ಹೇಳಿಬಿಡುತ್ತೇನೆ. ನಿಮ್ಮ ಸೈಕಲ್ ಕಾಣಿಸಿಕೊಳ್ಳುವುದೇ ನಾಲ್ಕನೇ ಪುಟದಲ್ಲಿ. ಅಲ್ಲಿಯವರೆಗೆ ವೀಸಾ ಸಿಕ್ಕ ಕಥೆ, ವಿಮಾನದ ಊಟ, ಐಫೆಲ್ ಗೋಪುರ, ಪ್ಯಾರಿಸ್ಸಿನಲ್ಲಿ ಸಸ್ಯಾಹಾರ ಹುಡುಕಿದ ಪಾಡು. ಇವನ್ನೆಲ್ಲ ಯುರೋಪಿಗೆ ಹೋಗಿಬಂದ ಪ್ರತಿಯೊಬ್ಬರೂ ನಮಗೆ ಬರೆದು ಕಳಿಸುತ್ತಾರೆ. ಮೂರೂ ಪುಟ ತೆಗೆಯಿರಿ, ಯಾರಿಗೂ ಏನೂ ನಷ್ಟವಿಲ್ಲ.

ಸರಿ, ಸೈಕಲ್ ಬಂತು. ಬಂದ ಮೇಲಾದರೂ ನೀವು ಅದನ್ನು ತುಳಿಯುತ್ತಿದ್ದೀರಿ ಅನ್ನಿಸುವುದಿಲ್ಲ. ‘ಸುಂದರವಾದ ಹಸಿರು ಹೊಲಗಳ ನಡುವೆ ಸಾಗಿದೆವು’ ಎನ್ನುತ್ತೀರಿ. ಕಾರಿನಲ್ಲಿ ಎಸಿ ಹಾಕಿಕೊಂಡು ಹೋದವರೂ ಇದನ್ನೇ ಬರೆಯುತ್ತಾರೆ. ಪೆನ್ಸಿಲ್ ಹಿಡಿದು ಎಣಿಸಿದೆ: ‘ಸುಂದರ’ 23 ಸಲ, ‘ನಯನಮನೋಹರ’ 6 ಸಲ, ‘ಪ್ರಕೃತಿ ಮಾತೆ’ 4 ಸಲ. ‘ಏರು’ ಅನ್ನುವ ಪದ ಒಂದೇ ಒಂದು ಸಲ ಬಂದಿದೆ, ಅದೂ ಕಾಫಿಯ ಬೆಲೆ ಏರಿದ್ದರ ಬಗ್ಗೆ!

ನೀವು ಹೋದದ್ದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ದಕ್ಷಿಣ ಭಾಗಕ್ಕೆ. ಟೂರ್ನು ಊರಿನಿಂದ ಡಿ14 ರಸ್ತೆ ಹಿಡಿದು ಬ್ರಾಂಸಿಯೋಂ ಘಟ್ಟ ಹತ್ತಿ, ಆಚೆ ಇಳಿದು ಶಾಪೇಜ್, ಅಲ್ಲಿಂದ ಕೊರ್ಮಾತಾಂ, ಕ್ಲೂನಿ. ಆ ಕಡೆ ನಾನೂ ಒಂದು ವಾರ ಬಾಡಿಗೆ ಸೈಕಲ್ ತುಳಿದವನು. ಅದೇನು ಆಲ್ಪ್ಸ್ ಅಲ್ಲ, ಒಪ್ಪಿದೆ. ಆದರೆ ಹಿಂದಿನ ಕ್ಯಾರಿಯರಿಗೆ ಎರಡು ಚೀಲ ಕಟ್ಟಿಕೊಂಡು, ಜುಲೈ ಬಿಸಿಲಿನಲ್ಲಿ, ಐವತ್ತು ದಾಟಿದ ಮೊಣಕಾಲಿನಲ್ಲಿ ಆ ಘಟ್ಟ ಹತ್ತುವಾಗ ನಿಮ್ಮ ಕಣ್ಣು ಎಲ್ಲಿತ್ತು? ಹೊಲದ ಮೇಲಂತೂ ಇದ್ದಿರಲಾರದು. ಮುಂದಿನ ಚಕ್ರದ ಎದುರಿನ ಎರಡು ಗಜ ಡಾಂಬರಿನ ಮೇಲೆ ಇತ್ತು. ರಸ್ತೆಬದಿಯ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲೆ ಇತ್ತು. ಇನ್ನೊಂದು ಗೇರು ಉಳಿದಿರಬಹುದೇನೋ ಎಂದು ಹೆಬ್ಬೆರಳು ಲಿವರನ್ನು ಒತ್ತುತ್ತಿತ್ತು, ಉಳಿದಿರಲಿಲ್ಲ. ಎಡಗಡೆ ಬೇಲಿಯಾಚೆ ಬಿಳಿ ಶಾರೊಲೆ ತಳಿಯ ದನಗಳು ಮೆಲುಕು ಹಾಕುತ್ತ ನಿಮ್ಮನ್ನೇ ನೋಡುತ್ತಿದ್ದವು. ಇದನ್ನು ಬರೆಯಿರಿ. ಓದುವವರ ತೊಡೆ ಸ್ವಲ್ಪ ನೋಯಲಿ. ಆಮೇಲೆ ಬೆಟ್ಟದ ತಲೆಯ ಮೇಲಿನ ಸೇಂಟ್ ಪೀಟರ್ ಚರ್ಚಿನೊಳಗೆ ಅವರನ್ನು ಕರೆದುಕೊಂಡು ಹೋದರೆ, ಆ ದಪ್ಪ ಗೋಡೆಯ ತಂಪು ಅವರ ಬೆನ್ನಿಗೂ ತಾಗುತ್ತದೆ. ಒಳಗಿನ 14ನೇ ಶತಮಾನದ ಭಿತ್ತಿಚಿತ್ರಗಳ ಬಗ್ಗೆ ನೀವು ಅರ್ಧ ಪುಟ ಬರೆದಿದ್ದೀರಿ. ಬೆವರು ಆರುವ ಮುಂಚೆ ಯಾರೂ ಅಷ್ಟೊಂದು ಚಿತ್ರ ನೋಡುವುದಿಲ್ಲ, ಸ್ವಾಮೀ.

ಈಗ ತಪ್ಪುಗಳು. ಶಾಪೇಜಿನ ಸೇಂಟ್ ಮಾರ್ಟಿನ್ ಚರ್ಚನ್ನು ‘ಗಾಥಿಕ್ ಶೈಲಿಯ ಅದ್ಭುತ’ ಎಂದಿದ್ದೀರಿ. ಅಲ್ಲ. ಅದು ರೋಮನೆಸ್ಕ್, 11ನೇ ಶತಮಾನದ ಮೊದಲ ಭಾಗದ್ದು. ಗಾಥಿಕ್ ಹುಟ್ಟಲು ಇನ್ನೂ ನೂರು ವರ್ಷ ಇತ್ತು. ಗುರುತು ಸುಲಭ: ಕಮಾನು ದುಂಡಗಿದ್ದರೆ ರೋಮನೆಸ್ಕ್, ತುದಿ ಚೂಪಾಗಿದ್ದರೆ ಬಹುಮಟ್ಟಿಗೆ ಗಾಥಿಕ್. ಆದರೆ ಅಷ್ಟೇ ಬರೆದರೆ ಗೈಡ್ ಹೇಳಿದ ಹಾಗಾಗುತ್ತದೆ. ಸೈಕಲ್ಲಿನವರಿಗೆ ತಿಳಿಯುವ ವ್ಯತ್ಯಾಸ ಬೇರೆ. ರೋಮನೆಸ್ಕ್ ಚರ್ಚಿನಲ್ಲಿ ಕಲ್ಲಿನ ಕಮಾನುಸೂರಿನ ಭಾರವೆಲ್ಲ ಗೋಡೆಯ ಮೇಲೆ ಬೀಳುವುದರಿಂದ ಗೋಡೆ ದಪ್ಪ, ಕಿಟಕಿ ಚಿಕ್ಕದು, ಒಳಗೆ ಕತ್ತಲು. ಹೊರಗಿನ ಬಿಸಿಲಿನಿಂದ ಕಾಲಿಟ್ಟರೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದಾಗಿ ಆ ಭಾರಿ ದುಂಡು ಕಂಬಗಳು ಮೂಡುತ್ತವೆ, ಮತ್ತೆ ನೋಡಿದರೆ ಕೆಲವು ನೆಟ್ಟಗಿಲ್ಲ, ವಾಲಿವೆ. ನೀವು ಕಂಬಗಳನ್ನು ನೋಡಿದ್ದೀರಿ, ವಾಲಿದ್ದನ್ನು ನೋಡಿಲ್ಲ. ನೋಡಿದ್ದರೆ ಬರೆಯದೆ ಬಿಡುತ್ತಿರಲಿಲ್ಲ.

ಆ ಚರ್ಚಿನ ಗಂಟೆಗೋಪುರ ಸುಮಾರು 35 ಮೀಟರ್ ಎತ್ತರ. ಊರಿನಲ್ಲಿ ಇರುವುದು ಬೆರಳೆಣಿಕೆಯ ಮನೆ. ಬಯಲಿನಲ್ಲಿ ಸೈಕಲ್ ತುಳಿದು ಬರುವವರಿಗೆ ಊರಿಗಿಂತ ಎಷ್ಟೋ ಮೊದಲೇ ಗೋಪುರ ಕಾಣುತ್ತದೆ, ರಸ್ತೆ ತಿರುಗಿದಾಗ ಮರೆಯಾಗುತ್ತದೆ, ಮತ್ತೆ ಇನ್ನೊಂದು ಕಡೆಯಿಂದ ಇಣುಕುತ್ತದೆ. ಹೊಟ್ಟೆ ಹಸಿದಿದ್ದರೆ ಅದು ಹತ್ತಿರವೇ ಬರುವುದಿಲ್ಲ. ರಾವುಲ್ ಗ್ಲಾಬೆರ್ ಎಂಬ ಸನ್ಯಾಸಿಯ ಮಾತನ್ನು ನೀವು ಪೀಠಿಕೆಯಲ್ಲಿ ತಂದಿದ್ದೀರಿ: ಸಾವಿರದ ಇಸವಿಯ ನಂತರ ಜಗತ್ತು ಹಳೆಯದನ್ನು ಕೊಡವಿಕೊಂಡು ಚರ್ಚುಗಳ ಬಿಳಿ ಹೊದಿಕೆ ಹೊದ್ದ ಹಾಗಿತ್ತು ಎಂದು ಅವನು ಬರೆದದ್ದು. ಒಳ್ಳೆಯ ಆಯ್ಕೆ. ಅವನು ಕ್ಲೂನಿಯ ಮಠದಲ್ಲೇ ಕೆಲಕಾಲ ಇದ್ದವನು. ಆ ಮಾತನ್ನು ಪೀಠಿಕೆಯಿಂದ ಕಿತ್ತು ಇಲ್ಲಿ, ಶಾಪೇಜಿನ ದಾರಿಯಲ್ಲಿ, ಗೋಪುರ ಎರಡನೇ ಸಲ ಕಾಣಿಸಿದ ಜಾಗದಲ್ಲಿ ನೆಡಿ.

ಹಂಪಿಯ ಹೋಲಿಕೆ ಮೂರು ಸಲ ಬಂದಿದೆ. ಮೂರೂ ಬೇಡ. ಕ್ಲೂನಿಯ ಮಹಾಚರ್ಚು ‘ಮಹಾಯುದ್ಧದ ಬಾಂಬಿಗೆ ನಾಶವಾಯಿತು, ಹಂಪಿಯಂತೆ’ ಎಂದು ಬರೆದದ್ದು ಎರಡು ಬಗೆಯಲ್ಲಿ ತಪ್ಪು. ಮಠ 910ರಲ್ಲಿ ಶುರುವಾಯಿತು. ನೀವು ಹೇಳುವ ಮಹಾಚರ್ಚಿಗೆ 1088ರಲ್ಲಿ ಕೈಹಾಕಿದರು. ಉದ್ದ 187 ಮೀಟರ್. ರೋಮಿನಲ್ಲಿ ಈಗಿನ ಸೇಂಟ್ ಪೀಟರ್ಸ್ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಚರ್ಚು ಇರಲಿಲ್ಲ. ಅದನ್ನು ಕೆಡವಿದ್ದು ಶತ್ರುವಲ್ಲ, ಬಾಂಬೂ ಅಲ್ಲ. ಫ್ರೆಂಚ್ ಕ್ರಾಂತಿಯ ನಂತರ ಮಠದ ಆಸ್ತಿ ಮಾರಾಟವಾಯಿತು. ಕೊಂಡವರು ಅದನ್ನು ಕಲ್ಲಿನ ಗಣಿಯ ಹಾಗೆ ಬಳಸಿದರು. 1798ರಿಂದ 1823ರವರೆಗೆ, ಕಾಲು ಶತಮಾನ, ಸ್ವಲ್ಪಸ್ವಲ್ಪವಾಗಿ ಒಡೆದರು, ಕಲ್ಲು ಮಾರಿದರು. ನಡುವಿನಲ್ಲೇ ಒಂದು ಬೀದಿ ಹಾಯಿಸಿದರು. ಪಕ್ಕದ ಸರ್ಕಾರಿ ಕುದುರೆಲಾಯಕ್ಕೆ ಆ ಕಲ್ಲು ಹೋಯಿತು. ಈಗ ಉಳಿದದ್ದು ಹತ್ತರಲ್ಲಿ ಒಂದು ಪಾಲು. ಯುದ್ಧದಲ್ಲಿ ಬಿದ್ದ ಊರಿನ ದುಃಖ ಒಂದು ತರಹ, ಊರವರ ಕಣ್ಣೆದುರೇ ಬಂಡಿ ಬಂಡಿಯಾಗಿ ಕಲ್ಲು ಹೋದ ಜಾಗದ ದುಃಖ ಇನ್ನೊಂದು ತರಹ. ಹಂಪಿ ಎಂದ ಕೂಡಲೇ ಕನ್ನಡ ಓದುಗರು ಮೊದಲನೆಯದನ್ನು ನೆನೆಯುತ್ತಾರೆ, ಎರಡನೆಯದು ಕಾಣದೇ ಹೋಗುತ್ತದೆ.

ಊರಿನ ನೆನಪು ತರಲೇಬೇಕೆಂದರೆ ನಿಮ್ಮ ಕೈಯಲ್ಲೇ ಒಂದು ಇದೆ. ನೀವು ಹೊನ್ನಾವರದ ಕಡೆಯವರು ಎಂದು ಜೊತೆಯ ಕಾಗದದಲ್ಲಿದೆ. ನೀವು ಸುತ್ತಿದ ಬರ್ಗಂಡಿಯ ಎಷ್ಟೋ ಹಳ್ಳಿ ಚರ್ಚುಗಳ ಸೂರಿಗೆ ಹಂಚಿಲ್ಲ, ತೆಳುವಾದ ಸುಣ್ಣಕಲ್ಲಿನ ಚಪ್ಪಡಿ ಒಂದರ ಮೇಲೊಂದು ಹೊದಿಸಿದ್ದಾರೆ. ಭಟ್ಕಳದಲ್ಲಿ ಮಳೆಗೆಂದು ಕಲ್ಲುಚಪ್ಪಡಿಯ ಇಳಿಜಾರು ಸೂರು ಹಾಕಿದ ಗುಡಿ ಬಸದಿಗಳನ್ನು ನೋಡುತ್ತ ಬೆಳೆದವರು ನೀವು. ಸೈಕಲ್ ನಿಲ್ಲಿಸಿ ತಲೆ ಎತ್ತಿದಾಗ ಅದು ನೆನಪಾಗಲಿಲ್ಲವೇ? ಆಗಿದ್ದರೆ ಬರೆಯಿರಿ. ಆಗದಿದ್ದರೆ ನಾನು ಹೇಳಿದೆನೆಂದು ಸೇರಿಸಬೇಡಿ.

ಇನ್ನು ಆ ಏಳು ಸಾಲು.

ಮೊದಲನೆಯದು ಬೀಗದ ಕೈ. ಒಂದು ಹಳ್ಳಿಯಲ್ಲಿ ಚರ್ಚಿಗೆ ಬೀಗ ಹಾಕಿತ್ತು. ‘ಕೀಲಿ ಎದುರು ಮನೆಯಲ್ಲಿ’ ಎಂದು ಬಾಗಿಲಿಗೆ ಚೀಟಿ ಅಂಟಿಸಿತ್ತು. ಎದುರು ಮನೆಯ ಅಜ್ಜಿ ಕೈ ಒರೆಸಿಕೊಳ್ಳುತ್ತ ಬಂದು ಅಂಗೈಗಿಂತ ಉದ್ದದ ಕಬ್ಬಿಣದ ಕೀಲಿ ಕೊಟ್ಟರು, ‘ವಾಪಸು ಕೊಡುವಾಗ ಕಿಟಕಿಯಲ್ಲಿ ಇಟ್ಟುಹೋಗಿ, ನಾನು ಮಲಗಿರುತ್ತೇನೆ’ ಎಂದರು. ನಾಲ್ಕು ಸಾಲು, ಅಷ್ಟೇ. ನಂತರ ನೀವು ‘ಚರ್ಚಿನ ಆಡಳಿತ ಮಂಡಳಿಯ ನಿರ್ಲಕ್ಷ್ಯ’ ಎಂದು ಒಂದು ಪ್ಯಾರಾ ಬೈದಿದ್ದೀರಿ. ಅಲ್ಲಿ ಅಂಥ ಮಂಡಳಿಯೇ ಇಲ್ಲ. 1905ರ ಕಾನೂನು ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಮೇಲೆ, ಆಗ ಇದ್ದ ಹಳ್ಳಿ ಚರ್ಚುಗಳು ಆಯಾ ಊರಿನ ಸ್ಥಳೀಯಾಡಳಿತದ ಸ್ವತ್ತಾಗಿ ಉಳಿದವು. ಪ್ರಾರ್ಥನೆ ಮಾಡಿಸುವುದು ಪಾದ್ರಿ, ಸೋರುವ ಸೂರು ಸರಿಮಾಡಿಸಬೇಕಾದ್ದು ಮೇಯರ್. ಒಬ್ಬ ಪಾದ್ರಿಗೆ ಹತ್ತಾರು ಹಳ್ಳಿ, ಹಾಗಾಗಿ ಪ್ರತಿ ಭಾನುವಾರವೂ ಪೂಜೆ ಇರುವುದಿಲ್ಲ. ಕೆಲವು ನೂರು ಜನರ ಊರಿಗೆ ಒಂಬೈನೂರು ವರ್ಷದ ಕಟ್ಟಡದ ಜವಾಬ್ದಾರಿ! ಕಾಯಲು ಸಂಬಳದವರನ್ನು ಎಲ್ಲಿಂದ ತರುತ್ತಾರೆ? ಹಾಗಾಗಿ ಕೀಲಿ ಎದುರು ಮನೆಯಲ್ಲಿ. ನಮ್ಮೂರ ಗುಡಿಯ ಬೀಗದ ಕೈ ಭಟ್ಟರ ಮನೆಯಲ್ಲಿ ಇರುತ್ತದೆ, ಆದರೆ ಅಪರಿಚಿತರ ಕೈಗೆ, ಅದೂ ಲಾಡಿ ಚಡ್ಡಿ ಹಾಕಿ ಬೆವರು ಸುರಿಸುತ್ತ ನಿಂತ ಪರದೇಶಿಯ ಕೈಗೆ ಕೊಟ್ಟು ನಿದ್ದೆಗೆ ಹೋಗುತ್ತಾರೆಯೇ? ಬೈಗುಳ ತೆಗೆದು ಅಜ್ಜಿಯನ್ನು ಉಳಿಸಿ. ಕೀಲಿ ತಣ್ಣಗಿತ್ತೇ, ತೂಕವೆಷ್ಟು, ಯಾವ ಕಡೆ ತಿರುಗಿಸಿದಿರಿ, ಒಂದೇ ಸಲಕ್ಕೆ ತೆರೆಯಿತೇ ಎಂಬುದೆಲ್ಲ ನನಗೆ ಬೇಕು.

ಗಂಟೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಶೀರ್ಷಿಕೆಯೇ ಅದಾದ್ದರಿಂದ. ‘ಮಧುರವಾಗಿ ಮೊಳಗಿತು’ ಎಂದರೆ ಏನೂ ಕೇಳಿಸುವುದಿಲ್ಲ. ಮಧ್ಯಾಹ್ನದ ಆಂಜೆಲಸ್ ಪ್ರಾರ್ಥನೆಯ ಗಂಟೆ ಮೂರು ಮೂರರಂತೆ ಮೂರು ಸಲ ಬಡಿದು, ನಿಂತು, ಆಮೇಲೆ ಬಿಡದೆ ಬಾರಿಸುತ್ತದೆ. ಅದು ಭಕ್ತರಿಗೆ. ನಿಮಗೆ ಅದರ ಅರ್ಥ ಬೇರೆಯೇ ಇತ್ತು: ಹನ್ನೆರಡು ಹೊಡೆಯಿತು, ಇನ್ನು ಎರಡು ಗಂಟೆಯವರೆಗೆ ಹಳ್ಳಿಯ ಅಂಗಡಿಗೆ ಬಾಗಿಲು. ಆ ದಿನ ಬೇಕರಿಯ ಮುಂದೆ ಐದು ನಿಮಿಷ ತಡವಾಗಿ ತಲುಪಿ, ಚೀಲದಲ್ಲಿ ಉಳಿದಿದ್ದ ಖಾರದ ಅವಲಕ್ಕಿ ತಿಂದದ್ದನ್ನು ಎಂಟನೇ ಪುಟದ ಆವರಣ ಚಿಹ್ನೆಯೊಳಗೆ ಅಡಗಿಸಿದ್ದೀರಿ. ಆವರಣ ಒಡೆದು ಅದನ್ನು ಹೊರಗೆ ತನ್ನಿ.

ಎರಡನೆಯದು ನಲ್ಲಿ. ಮೂರು ಸಾಲು: ನೀರು ಮುಗಿದಿತ್ತು, ಸ್ಮಶಾನದ ಗೇಟಿನ ಬಳಿಯ ನಲ್ಲಿಯಲ್ಲಿ ಬಾಟಲಿ ತುಂಬಿಸಿದಿರಿ, ನಿಮ್ಮ ಮನೆಯವರು ‘ನಾನೊಲ್ಲೆ’ ಎಂದರು. ಅಲ್ಲಿಂದ ನೀವು ನೇರವಾಗಿ ದ್ರಾಕ್ಷಿತೋಟದ ವರ್ಣನೆಗೆ ಹಾರಿದ್ದೀರಿ. ಯಾಕೆ ಸ್ವಾಮೀ? ಫ್ರಾನ್ಸಿನಲ್ಲಿ ಸೈಕಲ್ ತುಳಿಯುವವರಿಗೆ ಇದು ಮೊದಲ ಪಾಠ: ಬಾಯಾರಿದರೆ ಸ್ಮಶಾನ ಹುಡುಕು. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದೆಯೇ ಎಂದು ನೋಡಿಕೊಂಡು ತುಂಬಿಸಿಕೊಳ್ಳುತ್ತಾರೆ, ಅವರಿಗೆ ಅದರಲ್ಲಿ ಏನೂ ಅನ್ನಿಸುವುದಿಲ್ಲ. ನಮಗೆ ಅನ್ನಿಸುತ್ತದೆ. ಸ್ಮಶಾನಕ್ಕೆ ಹೋಗಿಬಂದರೆ ಸ್ನಾನ ಮಾಡದೆ ಒಳಗೆ ಬರಬಾರದೆಂದು ಬೆಳೆದವರು, ಅಲ್ಲಿಯ ನೀರನ್ನೇ ಕುಡಿಯುವ ಹೊತ್ತು ಅದು. ಕೈಯಲ್ಲಿ ತಣ್ಣನೆಯ ಬಾಟಲಿ, ನೆತ್ತಿಯ ಮೇಲೆ ಬಿಸಿಲು, ಮುಂದಿನ ಊರು ದೂರ. ಇಡೀ ಬರಹದಲ್ಲಿ ಇದೊಂದು ಕ್ಷಣವನ್ನು ನಿಮ್ಮ ಬದಲು ಬೇರೆಯವರು ಬರೆಯಲಾರರು. ಬರಹ ಶುರುವಾಗಬೇಕಾದ್ದೂ ಇಲ್ಲಿಂದಲೇ.

ಕೆಲವು ಸಣ್ಣ ಮಾತು ಉಳಿದಿವೆ. ‘ಸುರಂಗವೊಂದನ್ನು ದಾಟಿ ಬೆರ್ಜೆ ಲಾ ವಿಲ್ ಸೇರಿದೆವು’ ಎಂದಿದ್ದೀರಿ. ಅದು ಬ್ವಾ ಕ್ಲೇರ್ ಸುರಂಗ, ಹಳೆಯ ರೈಲಿನದು, 1.6 ಕಿಲೋಮೀಟರ್! ಬಿಸಿಲಿನಿಂದ ನುಗ್ಗಿದರೆ ತೋಳಿನ ರೋಮ ನಿಲ್ಲುವಷ್ಟು ಚಳಿ. ಬಾವಲಿಗಳ ನಿದ್ದೆಗೆ ತೊಂದರೆಯಾಗದಿರಲೆಂದು ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ. ಆ ಕತ್ತಲು ಕಳೆದು ಸ್ವಲ್ಪ ದೂರದಲ್ಲೇ ಬೆರ್ಜೆಯ ಚಾಪೆಲ್ ಎಂಬ ಪುಟ್ಟ ಪ್ರಾರ್ಥನಾಮಂದಿರ, ಒಳಗೆ ಗಾಢ ನೀಲಿ ಹಿನ್ನೆಲೆಯ ಮೇಲೆ ಕೂತ ಕ್ರಿಸ್ತ, ಸುಣ್ಣದ ಪದರದಡಿ ಎಷ್ಟೋ ಕಾಲ ಮುಚ್ಚಿಹೋಗಿದ್ದು 19ನೇ ಶತಮಾನದ ಕೊನೆಯಲ್ಲಿ ಸಿಕ್ಕ ಚಿತ್ರ. ಸುರಂಗಕ್ಕೆ ಒಂದು ಪ್ಯಾರಾ ಕೊಡಿ, ಚಿತ್ರಕ್ಕೆ ನಾಲ್ಕು ಸಾಲು ಸಾಕಾಗುತ್ತದೆ. ಜಿವ್ರಿಯಿಂದ ಕ್ಲೂನಿಯವರೆಗಿನ ಸೈಕಲ್ ಹಾದಿಯೂ ಅದೇ ಹಳೇ ರೈಲು ದಾರಿ, 1997ರಲ್ಲಿ ತೆರೆದದ್ದು. ಏರು ಅಷ್ಟು ಮೆದುವಾಗಿರುವುದು ಉಗಿಬಂಡಿಯ ಕೃಪೆ.

ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಇತಿಹಾಸದ ಒಂದೂವರೆ ಪುಟ ಬೇಡ. ಸೈಕಲ್ ಸವಾರರಿಗೆಂದೇ ಮೀಸಲಾದ, ಗೋಡೆ ತುಂಬ ಚಾಂಪಿಯನ್ನರ ಜೆರ್ಸಿ ತೂಗುವ ಚಾಪೆಲ್ ಬಗ್ಗೆ ಬರೆದದ್ದು ಸ್ವಾರಸ್ಯವಾಗಿದೆ. ಆದರೆ ಅದಿರುವುದು ನೈರುತ್ಯದ ಲಾಂದ್ ಪ್ರಾಂತ್ಯದಲ್ಲಿ, ದೇಶದ ಇನ್ನೊಂದು ಮೂಲೆ. ನೀವು ಅಲ್ಲಿಗೆ ಹೋಗಿಲ್ಲ ಎಂಬುದು ಆ ಪ್ಯಾರಾದ ಭಾಷೆಯಿಂದಲೇ ಗೊತ್ತಾಗುತ್ತದೆ. ಹೋದಾಗ ಬರೆಯಿರಿ. ‘ಹಳ್ಳಿ ರಸ್ತೆಯಲ್ಲಿ ನಿಶ್ಚಿಂತೆಯಿಂದ ಸಾಗಬಹುದು’ ಎಂಬ ಸಲಹೆಯನ್ನಂತೂ ದಯವಿಟ್ಟು ಅಳಿಸಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸಂದಿಯಿಂದ ನುಗ್ಗುವ ಟ್ರ್ಯಾಕ್ಟರಿನವನು ನಿಮಗಾಗಿ ನಿಲ್ಲಬೇಕಿಲ್ಲ. ನಿಮ್ಮನ್ನು ನಂಬಿ ಯಾರಾದರೂ ಹೋದಾರು.

1,200 ಪದಗಳೊಳಗೆ ಮತ್ತೆ ಬರೆದು ಕಳಿಸಿ. ಅವಸರವಿಲ್ಲ, ದೀಪಾವಳಿಯ ನಂತರವಾದರೂ ಆಗಬಹುದು. 64 ಫೋಟೋ ಕಳಿಸಿದ್ದೀರಿ, ಅರ್ಧದಲ್ಲಿ ನೀವು ಹೆಲ್ಮೆಟ್ ಹಿಡಿದು ನಗುತ್ತಿದ್ದೀರಿ. ಕೀಲಿಯ ಫೋಟೋ ಇದ್ದರೆ ಅದೊಂದು ಸಾಕು.

ಇನ್ನೊಂದು. ಆ ಬಾಟಲಿಯ ನೀರನ್ನು ನಿಮ್ಮ ಮನೆಯವರು ಕೊನೆಗೆ ಕುಡಿದರೋ ಇಲ್ಲವೋ? ಎರಡು ಸಲ ಓದಿದರೂ ಗೊತ್ತಾಗಲಿಲ್ಲ.

ಇತಿ,
ಸಂಪಾದಕ